ಹರಿಹರಕ್ಕೆ ಹೋಗಿಬಂದರೆ ಬ್ಯಾಟರಿ ತುಂಬುವುದೆ?

ಮೋಟಾರು ಗಾಡಿಯು ಸಾಹುಕಾರರ ಮನೆಗಳಿಗೆ ಮಾತ್ರ ಮೀಸಲಾಗಿದ್ದ ಕಾಲವೊಂದಿತ್ತು. ಈಗ ಅದು ದಾವಣಗೆರೆಯಂಥ ಪಟ್ಟಣದಲ್ಲಿ ಸಾಧಾರಣ ಗೃಹಸ್ಥರ ಮನೆಯ ಮುಂದೆಯೂ ನಿಂತಿರುವ ವಸ್ತುವಾಗಿದೆ. ಒಲೆ, ಬಾವಿ, ನಲ್ಲಿಗಳನ್ನು ಕುರಿತು ಮನೆಯವರಿಗೆ ಎಷ್ಟು ತಿಳಿವಳಿಕೆ ಇರಬೇಕೋ ಅಷ್ಟಾದರೂ ಗಾಡಿಯ ವಿಷಯದಲ್ಲಿ ಇರುವುದು ಇಂದು ಅಗತ್ಯ. ಅದರಲ್ಲಿಯೂ ಬ್ಯಾಟರಿಯ ವಿಷಯವು ಮುಖ್ಯವಾದುದು. ಗಾಡಿಯ ಬೇರೆ ಭಾಗಗಳು ಕೆಡುವ ಮುನ್ನ ಬಹುಮಟ್ಟಿಗೆ ಸದ್ದು ಮಾಡಿ ಎಚ್ಚರಿಕೆ ಕೊಡುವುವು. ಬ್ಯಾಟರಿಯಾದರೋ ಸಂಜೆ ಚೆನ್ನಾಗಿದ್ದು ಬೆಳಗಾಗುವಷ್ಟರಲ್ಲಿ ಮೌನ ವಹಿಸುವುದುಂಟು. ಕೀಲಿ ತಿರುಗಿಸಿದರೆ ‘ಟಕ್ ಟಕ್’ ಎಂಬ ಸಣ್ಣ ಸದ್ದೊಂದನ್ನುಳಿದು ಮತ್ತೇನೂ ಕೇಳಿಸದು. ಮದುವೆಗೆ ಹೊರಟವರಿಗೆ ಇದರಿಂದ ಬರಿಯ ಮುಜುಗರ. ಆದರೆ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದು ಆಸ್ಪತ್ರೆಗೆ ಹೊರಟವರಿಗೆ ಇದು ಪ್ರಾಣದ ಮಾತಾಗುವುದು.

ಇಂಥ ಸಮಯದಲ್ಲಿ ನೆರೆಹೊರೆಯವರು ಕೊಡುವ ಸಲಹೆಗಳು ಸಾಮಾನ್ಯವಾಗಿ ಎರಡು. ಮೊದಲನೆಯದು, “ಹೇಗಾದರೂ ಒಮ್ಮೆ ಸ್ಟಾರ್ಟ್ ಮಾಡಿ ಹರಿಹರದವರೆಗೆ ಹೋಗಿಬನ್ನಿ, ಬ್ಯಾಟರಿ ತಾನಾಗಿಯೇ ತುಂಬುತ್ತದೆ” ಎಂಬುದು. ಎರಡನೆಯದು, “ಇನ್ನು ಇದನ್ನು ನೆಚ್ಚಬೇಡಿ, ಹೊಸದು ಹಾಕಿಸಿಬಿಡಿ” ಎಂಬುದು. ಎರಡೂ ಸದ್ಭಾವದಿಂದ ಹೊರಟ ಮಾತುಗಳೇ ಸರಿ. ಆದರೆ ಮೊದಲನೆಯದರಿಂದ ರೋಗವು ಮರೆಯಾಗುವುದಲ್ಲದೆ ವಾಸಿಯಾಗದು. ಎರಡನೆಯದರಿಂದ ನಾಲ್ಕೈದು ಸಾವಿರ ರೂಪಾಯಿಗಳು ವ್ಯರ್ಥವಾಗಿ, ಒಂದೆರಡು ತಿಂಗಳಲ್ಲಿ ಹೊಸ ಬ್ಯಾಟರಿಯೂ ಅದೇ ಗತಿಗೆ ಬರುವ ಸಂಭವವುಂಟು. ದೋಷವೆಲ್ಲಿದೆಯೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ತರುವಾಯ ಹಣ ವೆಚ್ಚ ಮಾಡತಕ್ಕದ್ದು. ಇದನ್ನು ಮನೆಯಲ್ಲಿಯೇ ಹೇಗೆ ಗೊತ್ತುಮಾಡಬಹುದೆಂಬುದನ್ನು ಇಲ್ಲಿ ವಿವರಿಸುವೆವು.

ಬ್ಯಾಟರಿಯ ಸ್ವರೂಪ

ಈಗ ನಮ್ಮ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಸೀಸದ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ೧೮೫೯ರಲ್ಲಿ ಕಂಡುಹಿಡಿದನು. ೧೮೮೧ರಲ್ಲಿ ಕಾಮಿಲ್ ಫೋರ್ ಎಂಬಾತನು ಸೀಸದ ಫಲಕಗಳಿಗೆ ಲೇಪವನ್ನು ಮೆತ್ತುವ ಕ್ರಮವನ್ನು ತಂದು ಅದರ ಶಕ್ತಿಯನ್ನು ಹೆಚ್ಚಿಸಿದನು. ಆದರೂ ಮೋಟಾರಿನ ಚರಿತ್ರೆಯ ಆದಿಕಾಲದಲ್ಲಿ ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಹಿಡಿಯನ್ನು ಸಿಕ್ಕಿಸಿ, ತೋಳುಬಲದಿಂದ ತಿರುಗಿಸಿ ಎಂಜಿನನ್ನು ಎಬ್ಬಿಸಬೇಕಾಗಿತ್ತು. ಹಿಡಿಯು ಹಿಂದಕ್ಕೆ ಒದೆದು ಕೈಮೂಳೆ ಮುರಿದುಕೊಂಡವರೂ ಉಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಯಂತ್ರಜ್ಞನು ರಚಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದ ಮೇಲೆಯೇ ಈ ಕಷ್ಟವು ಕ್ರಮೇಣ ತಪ್ಪಿತು. ಅಂದಿನಿಂದ ಎಂಜಿನನ್ನು ಎಬ್ಬಿಸುವ ಹೊಣೆಯು ಮನುಷ್ಯನ ತೋಳಿನಿಂದ ಬ್ಯಾಟರಿಗೆ ವರ್ಗವಾಯಿತು.

ಬ್ಯಾಟರಿಯ ಪೆಟ್ಟಿಗೆಯೊಳಗೆ ಆರು ಕೋಣೆಗಳಿರುವುವು. ಒಂದೊಂದಕ್ಕೆ ಸೆಲ್ ಎಂದು ಹೆಸರು. ಪ್ರತಿಯೊಂದು ಸೆಲ್ಲಿನಲ್ಲಿಯೂ ಎರಡು ಜಾತಿಯ ಫಲಕಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುವುವು. ಒಂದು ಜಾತಿಯದು ಸ್ಪಂಜಿನಂತಹ ಶುದ್ಧ ಸೀಸ. ಇನ್ನೊಂದು ಸೀಸದ ಡೈಆಕ್ಸೈಡು. ಬ್ಯಾಟರಿಯಿಂದ ವಿದ್ಯುತ್ತು ಹೊರಟಂತೆಲ್ಲ ಈ ಎರಡು ಬಗೆಯ ಫಲಕಗಳೂ ಸೀಸದ ಸಲ್ಫೇಟು ಎಂಬ ಒಂದೇ ಬಿಳಿಯ ವಸ್ತುವಾಗಿ ಮಾರ್ಪಡುತ್ತ, ಆಮ್ಲವು ತೆಳುವಾಗಿ ನೀರಿನ ಕಡೆಗೆ ತಿರುಗುವುದು. ಹೊರಗಿನಿಂದ ವಿದ್ಯುತ್ತನ್ನು ಕೊಟ್ಟರೆ ಈ ಕ್ರಿಯೆಯು ಹಿಂದುಮುಂದಾಗಿ, ಫಲಕಗಳೂ ಆಮ್ಲವೂ ಮೊದಲಿನ ಸ್ಥಿತಿಯನ್ನು ಪಡೆಯುವುವು. ತುಂಬಿದ ಒಂದು ಸೆಲ್ಲಿನ ಒತ್ತಡವು ಸುಮಾರು ೨.೧ ವೋಲ್ಟು, ಆರು ಸೆಲ್ಲುಗಳಿಗೆ ೧೨.೬ ವೋಲ್ಟು. ನಾವು ಹನ್ನೆರಡು ವೋಲ್ಟಿನ ಬ್ಯಾಟರಿಯೆಂದು ಕರೆಯುವುದು ಇದನ್ನೇ.

ಕೆರೆಯ ಹೋಲಿಕೆ

ದಾವಣಗೆರೆಯವರಿಗೆ ಕುಂದವಾಡ ಕೆರೆಯು ಪರಿಚಿತವಾದುದು. ಭದ್ರಾ ನಾಲೆಯು ಹರಿಯುವ ದಿನಗಳಲ್ಲಿ ಅದನ್ನು ತುಂಬಿಸಿಕೊಂಡು, ನಾಲೆಯು ನಿಂತ ದಿನಗಳಲ್ಲಿ ಊರಿನವರು ಅದರ ನೀರನ್ನು ಕುಡಿಯುವರು. ಗಾಡಿಯ ಬ್ಯಾಟರಿಯೂ ಇಂತಹುದೇ. ಎಂಜಿನು ಓಡುವಾಗ ಆಲ್ಟರ್ನೇಟರೆಂಬ ಯಂತ್ರವು ನಾಲೆಯಂತೆ ವಿದ್ಯುತ್ತನ್ನು ಹರಿಸಿ ಅದನ್ನು ತುಂಬುವುದು. ಎಂಜಿನು ನಿಂತಾಗ ಬ್ಯಾಟರಿಯು ತನ್ನಲ್ಲಿರುವುದನ್ನು ಕೊಡುವುದು. ಹಳೆಯ ಗಾಡಿಗಳಲ್ಲಿ ಈ ಯಂತ್ರದ ಸ್ಥಾನದಲ್ಲಿ ಡೈನಮೊ ಇದ್ದಿತು. ಈಗಲೂ ಕೆಲವರು ಆಲ್ಟರ್ನೇಟರನ್ನು ಆ ಹೆಸರಿನಿಂದಲೇ ಕರೆಯುವರು.

ಒಂದು ಕೆರೆಯಲ್ಲಿ ನೀರು ನಿಲ್ಲದಿದ್ದರೆ ಕಾರಣಗಳು ನಾಲ್ಕೇ. ನಾಲೆಯಿಂದ ನೀರೇ ಬರುತ್ತಿಲ್ಲ. ಇಲ್ಲವೆ ತೂಬು ಸರಿಯಾಗಿ ಮುಚ್ಚದೆ ನೀರು ಸೋರಿಹೋಗುತ್ತಿದೆ. ಇಲ್ಲವೆ ಹೂಳು ತುಂಬಿ ಕೆರೆಗೆ ನೀರು ಹಿಡಿಯುವ ಶಕ್ತಿಯೇ ಕುಂದಿದೆ. ಇಲ್ಲವೆ ಬರುವುದಕ್ಕಿಂತ ಬಳಕೆ ಹೆಚ್ಚಾಗಿದೆ. ಚಾರ್ಜು ನಿಲ್ಲದ ಬ್ಯಾಟರಿಯ ಕಾರಣಗಳೂ ಈ ನಾಲ್ಕೇ. ಕೆರೆಯಲ್ಲಿ ನೀರಿಲ್ಲವೆಂದ ಮಾತ್ರಕ್ಕೆ ಹೊಸ ಕೆರೆಯನ್ನು ಕಟ್ಟಿಸುವವರುಂಟೆ? ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತಿರುವೆವು.

ಮೊದಲು ಅಳತೆ

ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ತನ್ನ ಲೇತು ಯಂತ್ರಗಳಿಗೆ ಬಹುಕಾಲ ಹೆಸರಾಗಿದ್ದಿತು. ಆ ಕಾರ್ಖಾನೆಯು ಈಗ ಮುಚ್ಚಿಹೋಗಿದ್ದರೂ ಲೇತಿನ ಕೆಲಸವು ಕಲಿಸುವ ಪಾಠವೊಂದು ನಮಗೆ ಉಪಯುಕ್ತವಾಗಿದೆ: ಅಳೆಯದೆ ಕೈಯಿಡಬಾರದು. ಬ್ಯಾಟರಿಯನ್ನು ಅಳೆಯಲು ಮಲ್ಟಿಮೀಟರೆಂಬ ಚಿಕ್ಕ ಉಪಕರಣವು ಸಾಕು. ವಿದ್ಯುತ್ ಸಾಮಾನುಗಳ ಅಂಗಡಿಯಲ್ಲಿ ಇದು ಕೆಲವು ನೂರು ರೂಪಾಯಿಗಳಿಗೆ ದೊರೆಯುವುದು.

ಅಳೆಯಲು ತಕ್ಕ ಕಾಲವು ಬೆಳಗಿನ ಹೊತ್ತು, ಗಾಡಿಯನ್ನು ಸ್ಟಾರ್ಟ್ ಮಾಡುವ ಮುನ್ನ. ಓಡಿಬಂದ ಕೂಡಲೆ ಅಳೆದರೆ ಫಲಕಗಳ ಮೇಲ್ಮೈಯಲ್ಲಿ ಮಾತ್ರ ನಿಂತ ಚಾರ್ಜಿನಿಂದ ಅಂಕಿಯು ಸುಳ್ಳಾಗಿ ಹೆಚ್ಚು ತೋರುವುದು. ಮೀಟರನ್ನು ಡಿ.ಸಿ. ವೋಲ್ಟಿನ ಸ್ಥಾನದಲ್ಲಿಟ್ಟು, ಕೆಂಪು ತಂತಿಯನ್ನು ಬ್ಯಾಟರಿಯ ಕೂಡು ಗುರುತಿನ ಕಂಬಕ್ಕೂ ಕಪ್ಪು ತಂತಿಯನ್ನು ಕಳೆ ಗುರುತಿನ ಕಂಬಕ್ಕೂ ಮುಟ್ಟಿಸಬೇಕು. ೧೨.೬ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಬ್ಯಾಟರಿಯು ತುಂಬಿದೆ. ೧೨.೪ ಇದ್ದರೆ ಮುಕ್ಕಾಲು ಪಾಲು, ೧೨.೨ ಇದ್ದರೆ ಅರ್ಧ, ೧೨.೦ ಇದ್ದರೆ ಕಾಲು ಪಾಲು ಉಳಿದಿದೆಯೆಂದು ಸ್ಥೂಲವಾಗಿ ತಿಳಿಯಬಹುದು. ೧೧.೮ರ ಕೆಳಗಾದರೆ ಬರಿದಾಗಿದೆ. ಹನ್ನೆರಡು ಎಂಬ ಹೆಸರಿನಿಂದ ಮೋಸಹೋಗಿ, “ಸರಿಯಾಗಿ ಹನ್ನೆರಡು ಇದೆ, ಬ್ಯಾಟರಿ ಚೆನ್ನಾಗಿದೆ” ಎಂದು ನಂಬುವವರು ಬಹುಮಂದಿ. ವಾಸ್ತವವಾಗಿ ಹನ್ನೆರಡರಲ್ಲಿರುವ ಬ್ಯಾಟರಿಯು ಹಸಿದಿರುವ ಬ್ಯಾಟರಿ. ಚಾರ್ಜು ಮಾಡಿದ ಮೇಲೆಯೂ ೧೦.೫ರ ಹತ್ತಿರವೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿರುವುದೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಅದಕ್ಕೆ ಚಿಕಿತ್ಸೆಯಿಲ್ಲ.

ಒಳಹರಿವಿನ ದೋಷ

ಎರಡನೆಯ ಪರೀಕ್ಷೆಯು ನಾಲೆಯನ್ನು ಕುರಿತದ್ದು. ಎಂಜಿನನ್ನು ಸ್ಟಾರ್ಟ್ ಮಾಡಿ, ಅದು ಓಡುತ್ತಿರುವಾಗಲೇ ಮತ್ತೆ ಬ್ಯಾಟರಿಯ ಕಂಬಗಳಲ್ಲಿ ಅಳೆಯಬೇಕು. ತಂತಿಗಳೂ ಬಟ್ಟೆಯೂ ತಿರುಗುವ ಬೆಲ್ಟಿಗೆ ಸಿಕ್ಕದಂತೆ ಎಚ್ಚರವಿರಲಿ. ಸೀರೆಯ ಸೆರಗು, ಪಂಚೆಯ ಅಂಚುಗಳನ್ನು ಬಿಗಿದುಕೊಂಡು ನಿಲ್ಲತಕ್ಕದ್ದು. ಮೀಟರು ೧೩.೮ರಿಂದ ೧೪.೫ ವೋಲ್ಟಿನವರೆಗೆ ತೋರಿದರೆ ಆಲ್ಟರ್ನೇಟರು ತನ್ನ ಕೆಲಸವನ್ನು ಮಾಡುತ್ತಿದೆ. ಎಂಜಿನು ಓಡುತ್ತಿದ್ದರೂ ಅಂಕಿಯು ಮೊದಲಿದ್ದಲ್ಲಿಯೇ ನಿಂತು, ಕ್ರಮೇಣ ಇಳಿಯುತ್ತಿದ್ದರೆ ಒಳಹರಿವೇ ಇಲ್ಲ. ೧೫ನ್ನು ಮೀರಿ ನಿಂತರೆ ಪ್ರವಾಹವು ಅತಿಯಾಗಿ ಬ್ಯಾಟರಿಯು ಕುದಿದು ಕೆಡುವುದು. ಇತ್ತೀಚಿನ ಕೆಲವು ಗಾಡಿಗಳಲ್ಲಿ ಗಣಕಯಂತ್ರವು ಇಂಧನವನ್ನು ಉಳಿಸುವುದಕ್ಕಾಗಿ ಬೇಕೆಂದೇ ಈ ಒತ್ತಡವನ್ನು ಏರಿಳಿಸುವುದರಿಂದ, ಒಂದೇ ಅಂಕಿಯನ್ನು ನಂಬದೆ, ಮುಂದಿನ ದೀಪಗಳನ್ನೂ ಫ್ಯಾನನ್ನೂ ಹಾಕಿ ಇನ್ನೊಮ್ಮೆ ನೋಡಬೇಕು.

ಗಾಡಿಯು ಓಡುತ್ತಿರುವಾಗ ಎದುರಿನ ಫಲಕದಲ್ಲಿ ಬ್ಯಾಟರಿಯ ಆಕಾರದ ಕೆಂಪು ದೀಪವು ಹೊತ್ತಿಕೊಂಡರೆ ಬ್ಯಾಟರಿಯು ಕೆಟ್ಟಿತೆಂದು ತಿಳಿಯುವುದು ಸರಿಯಲ್ಲ. ಬ್ಯಾಟರಿಗೆ ಚಾರ್ಜು ಬರುತ್ತಿಲ್ಲವೆಂಬುದೇ ಅದರ ಅರ್ಥ. ಬೆಲ್ಟು ಸಡಿಲವಾಗಿರಬಹುದು ಅಥವಾ ಹರಿದಿರಬಹುದು. ಹಲವು ಗಾಡಿಗಳಲ್ಲಿ ಎಂಜಿನನ್ನು ತಂಪಾಗಿಡುವ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟಾದುದರಿಂದ, ದೀಪದೊಡನೆ ಎಂಜಿನಿನ ಕಾವೂ ಏರತೊಡಗಿದರೆ ಆಗಲೇ ಗಾಡಿಯನ್ನು ಬದಿಗೆ ನಿಲ್ಲಿಸುವುದು ಲೇಸು.

ನಾಲೆಯು ಚೆನ್ನಾಗಿದ್ದರೂ ಕೆರೆಯ ಬಾಯಿಯಲ್ಲಿ ಕಸ ಕಟ್ಟಿಕೊಂಡಿದ್ದರೆ ಪ್ರಯೋಜನವೇನು? ಬ್ಯಾಟರಿಯ ಕಂಬಗಳ ಮೇಲೆ ಕೂಡುವ ಬಿಳಿಯ ಅಥವಾ ಹಸುರುಛಾಯೆಯ ಪುಡಿಯು ಇಂಥ ಕಸ. ಕಂಬಕ್ಕೆ ತಗಲಿಸಿದ ಹಿಡಿಯು ಕೈಯಿಂದ ಅಲುಗಾಡಿಸಿದರೆ ಅಲುಗುವಷ್ಟು ಸಡಿಲವಾಗಿದ್ದರೂ ತೊಂದರೆಯೇ. ಇದನ್ನು ಶುದ್ಧಿಮಾಡುವ ಸಾಮಗ್ರಿಯು ಅಡಿಗೆಮನೆಯಲ್ಲಿಯೇ ಇದೆ. ಕೈಗೆ ರಬ್ಬರಿನ ಚೀಲವನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸಿ, ಎಂಜಿನನ್ನು ನಿಲ್ಲಿಸಿ, ಕಳೆ ಗುರುತಿನ ಹಿಡಿಯನ್ನು ಮೊದಲು, ಕೂಡು ಗುರುತಿನದನ್ನು ಆಮೇಲೆ ಬಿಚ್ಚಬೇಕು. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡವನ್ನು ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಪುಡಿಯು ನೊರೆಯೆದ್ದು ಕರಗುವುದು. ಸೋಡದ ನೀರು ಸೆಲ್ಲಿನೊಳಕ್ಕೆ ಒಂದು ತೊಟ್ಟೂ ಹೋಗಬಾರದು. ಒರಸಿ ಒಣಗಿಸಿದ ಮೇಲೆ ಕೂಡು ಗುರುತಿನದನ್ನು ಮೊದಲು, ಕಳೆ ಗುರುತಿನದನ್ನು ಕಡೆಗೆ ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನನ್ನು ಸವರಬೇಕು. ಸತ್ತಿತೆಂದು ತಿಳಿದ ಬ್ಯಾಟರಿಯು ಇಷ್ಟರಿಂದಲೇ ಎದ್ದು ನಡೆಯುವ ಪ್ರಸಂಗಗಳು ಅಪರೂಪವಲ್ಲ.

ಸೋರಿಕೆಯ ಪರೀಕ್ಷೆ

ಒಳಹರಿವು ಸರಿಯಾಗಿದ್ದೂ ಎರಡು ಮೂರು ದಿನ ನಿಂತ ಗಾಡಿಯು ಏಳದಿದ್ದರೆ ತೂಬಿನ ಕಡೆಗೆ ಗಮನಕೊಡಬೇಕು. ಗಾಡಿಯು ಬೀಗಹಾಕಿ ನಿಂತಿರುವಾಗಲೂ ಗಡಿಯಾರ, ಬೀಗದ ಯಂತ್ರ, ಕಳ್ಳಗಂಟೆ ಮೊದಲಾದವು ಸ್ವಲ್ಪ ವಿದ್ಯುತ್ತನ್ನು ಸೇವಿಸುತ್ತಲೇ ಇರುವುವು. ಇದು ಸುಮಾರು ೫೦ ಮಿಲಿಆಂಪಿಯರನ್ನು ಮೀರದಿರುವುದು ಸಹಜ. ಸಣ್ಣ ಗಾಡಿಗಳ ಬ್ಯಾಟರಿಯ ಹಿಡಿತವು ಸಾಮಾನ್ಯವಾಗಿ ೩೫ ಆಂಪಿಯರ್-ಗಂಟೆಗಳು. ೫೦ ಮಿಲಿಆಂಪಿಯರಿನಂತೆ ದಿನವೊಂದಕ್ಕೆ ೧.೨ ಆಂಪಿಯರ್-ಗಂಟೆ ಖರ್ಚಾಗುವುದು. ಅಂದರೆ ಏನೂ ದೋಷವಿಲ್ಲದ ಗಾಡಿಯಲ್ಲಿಯೂ ಹದಿನೈದು ದಿನಗಳಲ್ಲಿ ಅರ್ಧ ಬ್ಯಾಟರಿ ಬರಿದಾಗಬಹುದು. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ತಿಂಗಳು ಕಳೆದು ಬಂದವರ ಗಾಡಿಯು ಮುನಿಸಿಕೊಂಡು ನಿಂತಿರುವುದರಲ್ಲಿ ಆಶ್ಚರ್ಯವೇನು?

ಸಹಜವಲ್ಲದ ಸೋರಿಕೆಗಳು ಬೇರೆ. ಹಿಂದಿನ ಡಿಕ್ಕಿಯ ಮುಚ್ಚಳವು ಸರಿಯಾಗಿ ಕೂಡದೆ ಒಳಗಿನ ಐದು ವಾಟಿನ ದೀಪವು ಉರಿಯುತ್ತಲೇ ಇದ್ದರೆ, ಹತ್ತು ಗಂಟೆಗಳಲ್ಲಿ ನಾಲ್ಕು ಆಂಪಿಯರ್-ಗಂಟೆಗೂ ಮಿಕ್ಕಿ, ಮೂರು ದಿನಗಳಲ್ಲಿ ಮೂವತ್ತರಷ್ಟು ಹೋಗುವುದು. ಅಂಗಡಿಯಲ್ಲಿ ತರುವಾಯ ಹಾಕಿಸಿದ ಹಾಡಿನ ಪೆಟ್ಟಿಗೆ, ರಸ್ತೆಯ ಚಿತ್ರ ಹಿಡಿಯುವ ಕ್ಯಾಮರಾ, ಗಾಡಿಯ ಜಾಡು ತಿಳಿಸುವ ಯಂತ್ರ, ಅಂಟಿಕೊಂಡ ರಿಲೇ, ಆಲ್ಟರ್ನೇಟರಿನೊಳಗಿನ ಕೆಟ್ಟ ಡಯೋಡು ಇವೆಲ್ಲವೂ ಇಂಥ ತೂಬುಗಳೇ.

ಸೋರುತ್ತಿರುವುದು ಗಾಡಿಯೋ ಬ್ಯಾಟರಿಯೋ ಎಂಬುದನ್ನು ಬೇರ್ಪಡಿಸುವ ಸುಲಭೋಪಾಯವೊಂದುಂಟು. ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ಣವಾಗಿ ತುಂಬಿಸಿ, ಕೆಲವು ಗಂಟೆ ಬಿಟ್ಟು ಅಳೆದು ಬರೆದಿಡಿ. ಕಳೆ ಗುರುತಿನ ಹಿಡಿಯನ್ನು ಬಿಚ್ಚಿ, ಅದು ಕಂಬಕ್ಕೆ ತಗಲದಂತೆ ಬಟ್ಟೆ ಸುತ್ತಿ ಒಂದೆರಡು ದಿನ ಹಾಗೆಯೇ ಬಿಡಿ. ಆಮೇಲೆ ಅಳೆದಾಗ ಅಂಕಿಯು ಇದ್ದಂತೆಯೇ ಇದ್ದರೆ ಬ್ಯಾಟರಿಯು ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತಿದೆ, ಸೋರಿಕೆಯು ಗಾಡಿಯಲ್ಲಿದೆ. ಯಾವ ತಂತಿಯೂ ತಗಲದೆ ಇದ್ದಾಗಲೂ ಅಂಕಿಯು ೧೨.೪ರ ಕೆಳಕ್ಕೆ ಕುಸಿದರೆ ದೋಷವು ಬ್ಯಾಟರಿಯೊಳಗೇ ಇದೆ. ಹೀಗೆ ಬಿಚ್ಚಿದಾಗ ಗಡಿಯಾರವು ತಪ್ಪುವುದು, ರೇಡಿಯೋ ತನ್ನ ಗುಪ್ತ ಅಂಕಿಯನ್ನು ಕೇಳಬಹುದು, ಗುಂಡಿಯೊತ್ತುವ ಕೀಲಿಯು ಕೆಲಸ ಮಾಡದು. ಆದುದರಿಂದ ಲೋಹದ ಕೀಲಿಯು ಕೈಯಲ್ಲಿರಲಿ.

ಸೋರಿಕೆಯು ಗಾಡಿಯಲ್ಲಿಯೇ ಇದೆಯೆಂದಾದರೆ ಆಟೋ ಎಲೆಕ್ಟ್ರಿಷಿಯನನ ಬಳಿಗೆ ಹೋಗತಕ್ಕದ್ದು. ಆತನು ಆಂಪಿಯರು ಅಳೆಯುವ ಮೀಟರನ್ನು ನಡುವೆ ಜೋಡಿಸಿ, ಗಾಡಿಯ ಗಣಕಯಂತ್ರಗಳು ನಿದ್ರೆಗೆ ಹೋಗುವವರೆಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಾದು, ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡುವನು. ಯಾವ ಫ್ಯೂಸನ್ನು ತೆಗೆದಾಗ ಅಂಕಿಯು ಬಿದ್ದುಹೋಗುವುದೋ ಕಳ್ಳನು ಆ ದಾರಿಯಲ್ಲಿದ್ದಾನೆ. ಕಾಯದೆ ಆತುರದಿಂದ ಅಳೆದ ಅಂಕಿಗೆ ಬೆಲೆಯಿಲ್ಲ.

ಹೂಳು ತುಂಬಿದ ಬ್ಯಾಟರಿ

ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿ ಬಹುದಿನ ಬಿಟ್ಟರೆ ಫಲಕಗಳ ಮೇಲಿನ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಬೆಳೆಯುವುದು. ಹೊಸದಾಗಿ ಉಂಟಾದ ನುಣ್ಣನೆಯ ಸಲ್ಫೇಟು ಚಾರ್ಜು ಕೊಟ್ಟ ಕೂಡಲೆ ಕರಗಿಹೋಗುವುದು. ಹರಳುಗಟ್ಟಿದುದು ಬೇಗ ಕರಗದು. ಕೆರೆಯ ಹೂಳು ಇದೇ. ಇಂತಹ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಬಹುಬೇಗನೆ “ತುಂಬಿತು” ಎಂದು ತೋರಿ, ಒಂದೆರಡು ಸಲ ಸ್ಟಾರ್ಟ್ ಮಾಡುವಷ್ಟರಲ್ಲಿ ಬರಿದಾಗುವುದು. ತುಂಬಿದ್ದು ಕೆರೆಯಲ್ಲ, ಹೂಳಿನ ಮೇಲಿದ್ದ ಸ್ವಲ್ಪ ಸ್ಥಳ ಮಾತ್ರ. ಅಂಗಡಿಗಳಲ್ಲಿರುವ ಲೋಡ್ ಪರೀಕ್ಷೆಯ ಯಂತ್ರದಿಂದ ಇದು ಸ್ಪಷ್ಟವಾಗುವುದು. ಮನೆಯಲ್ಲಿಯಾದರೆ ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರನ್ನು ನೋಡಬೇಕು. ತುಂಬಿದ ಬ್ಯಾಟರಿಯು ಆ ಕ್ಷಣದಲ್ಲಿಯೂ ೯.೬ ವೋಲ್ಟಿನ ಕೆಳಕ್ಕೆ ಇಳಿಯಬಾರದು.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರಿನಿಂದ ಆಮ್ಲದ ಸಾಂದ್ರತೆಯನ್ನು ನೋಡಬಹುದು. ತುಂಬಿದ ಸೆಲ್ಲಿನಲ್ಲಿ ಅದು ೧.೨೫೦ರಿಂದ ೧.೨೮೦ರೊಳಗಿರುವುದು. ಆರು ಸೆಲ್ಲುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ೦.೦೫೦ಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರೆ ಆ ಸೆಲ್ಲು ಕೆಟ್ಟಿದೆ. ಮುಚ್ಚಿದ ಬ್ಯಾಟರಿಗಳ ಮೇಲೆ ಹಸುರು ಬಣ್ಣದ ಕಣ್ಣೊಂದಿರುವುದಷ್ಟೆ. ಅದು ಆರರಲ್ಲಿ ಒಂದೇ ಸೆಲ್ಲಿನ ಸ್ಥಿತಿಯನ್ನು ಹೇಳುವುದಾದ್ದರಿಂದ ಅದೊಂದನ್ನೇ ನಂಬಲಾಗದು.

ನೀರಿನ ವಿಷಯವನ್ನು ಗೃಹಸ್ಥರು ವಿಶೇಷವಾಗಿ ಗಮನಿಸಬೇಕು. ಮುಚ್ಚಳವುಳ್ಳ ಬ್ಯಾಟರಿಯಲ್ಲಿ ಫಲಕಗಳು ಕಾಣುವಷ್ಟು ನೀರು ಇಳಿದಿದ್ದರೆ ಬಟ್ಟಿಯಿಳಿಸಿದ ನೀರನ್ನೇ ತುಂಬತಕ್ಕದ್ದು. ಕೊಳವೆ ಬಾವಿಯ ನೀರಾಗಲಿ ನಲ್ಲಿಯ ನೀರಾಗಲಿ ಕುಡಿಯಲು ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಕರಗಿರುವ ಲವಣಗಳು ಫಲಕಗಳಿಗೆ ವಿಷವಾಗುವುವು. ಆಮ್ಲವನ್ನಂತೂ ಮನೆಯಲ್ಲಿ ಎಂದೂ ಸೇರಿಸಬಾರದು; ಬತ್ತುವುದು ನೀರೇ ಹೊರತು ಆಮ್ಲವಲ್ಲ.

ನಮ್ಮ ಸೀಮೆಯ ಬಿಸಿಲೂ ಬ್ಯಾಟರಿಯ ಶತ್ರು. ಚಳಿಯ ದೇಶಗಳಲ್ಲಿ ಹಿಮದ ಬೆಳಗಿನಲ್ಲಿ ಗಾಡಿಯು ಏಳದಿರುವುದನ್ನು ಕಂಡು ಚಳಿಯೇ ಬ್ಯಾಟರಿಯನ್ನು ಕೊಲ್ಲುವುದೆಂದು ಜನರು ನಂಬುವರು. ನಿಜವಾಗಿ ಅದನ್ನು ಸವೆಸುವುದು ಕಾವು. ಕಾವು ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಬ್ಯಾಟರಿಯ ಆಯುಸ್ಸು ಹತ್ತಿರ ಹತ್ತಿರ ಅರ್ಧವಾಗುವುದೆಂದು ಯಂತ್ರಜ್ಞರು ಸ್ಥೂಲವಾಗಿ ಎಣಿಸುವರು. ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಒಂದು ಮರದ ನೆರಳು ದೊರಕಿಸಿಕೊಟ್ಟರೂ ಅದು ಉಳಿತಾಯವೇ. ಮೂರು ನಾಲ್ಕು ವರ್ಷ ಸೇವೆ ಮಾಡಿದ ಬ್ಯಾಟರಿಯು ಮೇಲಿನ ಪರೀಕ್ಷೆಗಳಲ್ಲಿ ಸೋತರೆ ಅದನ್ನು ಗೌರವದಿಂದ ಬೀಳ್ಕೊಡುವುದೇ ಯುಕ್ತ.

ಹರಿಹರದ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ದಾವಣಗೆರೆಯಿಂದ ದೊಡ್ಡಬಾತಿಯ ಮಾರ್ಗವಾಗಿ ಹರಿಹರಕ್ಕೆ ಸುಮಾರು ೧೪ ಕಿಲೋಮೀಟರು. ಹೋಗಿಬರಲು ಹೆಚ್ಚುಕಡಮೆ ಒಂದು ಗಂಟೆ ಎಂದಿಟ್ಟುಕೊಳ್ಳೋಣ.

ಆರೋಗ್ಯವಾದ ಗಾಡಿಯನ್ನು ಒಮ್ಮೆ ಸ್ಟಾರ್ಟ್ ಮಾಡಲು ಸ್ಟಾರ್ಟರು ೧೫೦ ಆಂಪಿಯರನ್ನು ಎರಡು ಸೆಕೆಂಡುಗಳ ಕಾಲ ಎಳೆಯಿತೆಂದರೂ ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಹನ್ನೆರಡನೆಯ ಒಂದು ಭಾಗ ಮಾತ್ರ. ಇದು ಕೆಲವೇ ನಿಮಿಷಗಳ ಓಟದಲ್ಲಿ ಮರಳಿ ಬರುವುದು; ಇದಕ್ಕೆ ಹರಿಹರದವರೆಗೆ ಹೋಗಬೇಕಾಗಿಯೇ ಇಲ್ಲ. ಆದರೆ ಅರ್ಧ ಬರಿದಾದ ೩೫ ಆಂಪಿಯರ್-ಗಂಟೆಯ ಬ್ಯಾಟರಿಯ ಕೊರತೆಯು ೧೭ಕ್ಕೂ ಮೇಲೆ. ದಾರಿಯುದ್ದಕ್ಕೂ ಸರಾಸರಿ ೮ ಆಂಪಿಯರು ಬ್ಯಾಟರಿಯೊಳಕ್ಕೆ ಹರಿಯಿತೆಂದು ಎಣಿಸಿದರೂ ಒಂದು ಗಂಟೆಯಲ್ಲಿ ೮ ಆಂಪಿಯರ್-ಗಂಟೆ. ಅಂದರೆ ಕೊರತೆಯ ಅರ್ಧವೂ ತೀರಲಿಲ್ಲ. ಅದೂ ಅಲ್ಲದೆ ಬ್ಯಾಟರಿಯು ತುಂಬುತ್ತ ಬಂದಂತೆ ವಿದ್ಯುತ್ತನ್ನು ಸ್ವೀಕರಿಸುವ ವೇಗವು ತಗ್ಗುವುದು. ಕಡೆಯ ಐದನೆಯ ಒಂದು ಪಾಲು ತುಂಬಲು ಹಲವು ಗಂಟೆಗಳೇ ಬೇಕು. ಹಸಿದವನಿಗೆ ಮೊದಲ ತುತ್ತುಗಳು ಬೇಗ ಇಳಿದು, ಕಡೆಯ ತುತ್ತುಗಳು ನಿಧಾನವಾಗುವ ಹಾಗೆ. ಹೂಳು ತುಂಬಿದ ಬ್ಯಾಟರಿಯಾದರೆ ಸ್ವೀಕರಿಸುವುದು ಇನ್ನೂ ಕಡಮೆ.

ಆದುದರಿಂದ ಉತ್ತರವು ಹೀಗೆ: ಹರಿಹರಕ್ಕೆ ಹೋಗಿಬಂದರೆ ಸಂಜೆಗೆ ಗಾಡಿಯು ಏಳುವಷ್ಟು ಚಾರ್ಜು ಬರುವುದು, ಬ್ಯಾಟರಿಯು ತುಂಬುವುದಿಲ್ಲ. ಅರ್ಧ ಹಸಿವಿನಲ್ಲಿಯೇ ದಿನಗಳನ್ನು ಕಳೆದು, ಒಳಗೊಳಗೆ ಹರಳುಗಟ್ಟಿ, ಕೆಲವು ತಿಂಗಳಲ್ಲಿ ಅದು ನಿಜವಾಗಿಯೇ ಕೆಡುವುದು. ಬರಿದಾದ ಬ್ಯಾಟರಿಯನ್ನು ತುಂಬುವ ಸರಿಯಾದ ಕ್ರಮವೆಂದರೆ ಅದರ ಹಿಡಿತದ ಹತ್ತನೆಯ ಒಂದು ಭಾಗದಷ್ಟು, ಅಂದರೆ ಸುಮಾರು ೩.೫ ಆಂಪಿಯರಿನಲ್ಲಿ, ತಾನಾಗಿ ನಿಲ್ಲುವ ಚಾರ್ಜರಿಗೆ ಒಂದು ರಾತ್ರಿ ಹಾಕಿಡುವುದು. ಬ್ಯಾಟರಿ ಅಂಗಡಿಗಳಲ್ಲಿ ಅಲ್ಪ ವೆಚ್ಚಕ್ಕೆ ಇದನ್ನು ಮಾಡಿಕೊಡುವರು.

ನಾಲ್ಕನೆಯ ಕಾರಣವಾದ ಬಳಕೆಯ ದೋಷವೂ ಈ ಲೆಕ್ಕದಿಂದಲೇ ತಿಳಿಯುವುದು. ಪಿ.ಜೆ. ಬಡಾವಣೆಯಿಂದ ಮಾರುಕಟ್ಟೆಗೆ, ಅಲ್ಲಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂದು ದಿನಕ್ಕೆ ಆರೇಳು ಬಾರಿ ಸ್ಟಾರ್ಟ್ ಮಾಡಿ, ಪ್ರತಿಸಲವೂ ಎರಡು ಮೂರು ನಿಮಿಷ ಮಾತ್ರ ಓಡಿಸಿ, ದೀಪ, ಫ್ಯಾನು, ಹಾಡುಗಳನ್ನು ಒಟ್ಟಿಗೆ ನಡೆಸುವವರ ಬ್ಯಾಟರಿಗೆ ಜಮೆಗಿಂತ ಖರ್ಚೇ ಹೆಚ್ಚು. ಗಾಡಿಯನ್ನು ಅಂಗಳದಲ್ಲಿಯೇ ಹತ್ತು ನಿಮಿಷ ಗುರುಗುಟ್ಟಿಸುವುದರಿಂದಲೂ ಹೆಚ್ಚು ಫಲವಿಲ್ಲ. ಇಂಥವರು ತಿಂಗಳಿಗೊಮ್ಮೆ ಬ್ಯಾಟರಿಯನ್ನು ಚಾರ್ಜರಿಗೆ ಹಾಕುವುದು ಮೇಲು. ಬಹುದಿನ ಊರು ಬಿಡುವವರು ಕಳೆ ಗುರುತಿನ ಹಿಡಿಯನ್ನು ಬಿಚ್ಚಿಟ್ಟು ಹೋಗಬಹುದು. ಮನೆಯ ಇನ್ವರ್ಟರಿನ ಬ್ಯಾಟರಿಯು ದಿನವೂ ಬರಿದಾಗಿ ತುಂಬುವುದಲ್ಲ, ಇದಕ್ಕೇನು ಎಂದು ಕೆಲವರು ಕೇಳಬಹುದು. ಅದರ ಫಲಕಗಳು ದಪ್ಪ, ಅದಕ್ಕೆಂದೇ ಮಾಡಿದವು. ಗಾಡಿಯ ಬ್ಯಾಟರಿಯ ಫಲಕಗಳು ತೆಳುವು. ಒಂದು ಕ್ಷಣ ಬಹಳ ಕೊಡುವುದಕ್ಕೆ ಹೊರತು ಬಹುಕಾಲ ಕೊಡುವುದಕ್ಕೆ ಅವನ್ನು ಮಾಡಿಲ್ಲ.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ವಾಯುವು ಹೊರಡುವುದು. ಅದು ಒಂದು ಕಿಡಿಗೆ ಸಿಡಿಯುವ ವಸ್ತು. ಆದುದರಿಂದ ಬ್ಯಾಟರಿಯ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಕೂಡದು. ಆಯುಧಪೂಜೆಯ ದಿನ ಎಂಜಿನಿನ ಮುಚ್ಚಳವನ್ನು ತೆರೆದು ಬ್ಯಾಟರಿಯ ಮೇಲೆಯೇ ಕರ್ಪೂರವನ್ನು ಬೆಳಗುವುದು ತರವಲ್ಲ. ಮುಚ್ಚಳವನ್ನು ಮುಚ್ಚಿ ಹೊರಗಿನಿಂದ ಆರತಿಯೆತ್ತಿದರೆ ಪೂಜೆಗೆ ಕೊರತೆಯೇನೂ ಬಾರದು. ಚಾರ್ಜು ಮಾಡುವುದು ಗಾಳಿಯಾಡುವ ಸ್ಥಳದಲ್ಲಿರಲಿ. ಮಕ್ಕಳು ಮಲಗುವ ಕೋಣೆಯಲ್ಲಿ ಬೇಡ. ಆಮ್ಲವು ಕಣ್ಣಿಗೆ ಹಾರಿದರೆ ಕೂಡಲೆ ಶುದ್ಧವಾದ ನೀರಿನಿಂದ ಕಾಲುಗಂಟೆಗೆ ಕಡಮೆಯಿಲ್ಲದೆ ತೊಳೆದು ವೈದ್ಯರನ್ನು ಕಾಣಬೇಕು.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಜಂಪರ್ ಕೇಬಲಿನ ಮೂಲಕ ಎಬ್ಬಿಸುವಾಗ ಕ್ರಮವು ತಪ್ಪಕೂಡದು. ಕೆಂಪು ತಂತಿಯ ಒಂದು ತುದಿಯನ್ನು ಬರಿದಾದ ಬ್ಯಾಟರಿಯ ಕೂಡು ಕಂಬಕ್ಕೆ, ಇನ್ನೊಂದನ್ನು ತುಂಬಿದ ಬ್ಯಾಟರಿಯ ಕೂಡು ಕಂಬಕ್ಕೆ ತಗಲಿಸಬೇಕು. ಆಮೇಲೆ ಕಪ್ಪು ತಂತಿಯನ್ನು ತುಂಬಿದುದರ ಕಳೆ ಕಂಬಕ್ಕೂ, ಕಡೆಯ ತುದಿಯನ್ನು ನಿಂತ ಗಾಡಿಯ ಎಂಜಿನಿನ ಬಣ್ಣವಿಲ್ಲದ ಲೋಹಕ್ಕೂ ತಗಲಿಸಬೇಕು. ಕಡೆಯದನ್ನು ಬ್ಯಾಟರಿಗೆ ಮುಟ್ಟಿಸದಿರುವುದು ಕಿಡಿಯು ವಾಯುವಿನಿಂದ ದೂರವಿರಲೆಂದು. ಬಿಚ್ಚುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸತಕ್ಕದ್ದು. ತಳ್ಳಿ ಎಬ್ಬಿಸುವುದು ಕೈಯಿಂದ ಗೇರು ಹಾಕುವ ಗಾಡಿಗಳಲ್ಲಿ ಮಾತ್ರ ಸಾಧ್ಯ. ಎಂಜಿನು ಏಳುವವರೆಗೆ ಬ್ರೇಕೂ ಸ್ಟೀರಿಂಗೂ ಬಿಗಿಯಾಗಿರುವುದರಿಂದ ಇಳಿಜಾರಿನಲ್ಲಿಯೂ ಹೆದ್ದಾರಿಯಲ್ಲಿಯೂ ಇದನ್ನು ಮಾಡಬಾರದು.

ಹೊಸದನ್ನು ಕೊಳ್ಳುವಾಗ

ಎಲ್ಲ ಪರೀಕ್ಷೆಗಳೂ ಮುಗಿದು ಬ್ಯಾಟರಿಯದೇ ದೋಷವೆಂದು ನಿಶ್ಚಯವಾದರೆ ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳನ್ನು ನೋಡಿ, ಅಂಗಡಿಯಲ್ಲಿ ಬಹುದಿನ ಕುಳಿತದ್ದನ್ನು ಬಿಟ್ಟು, ವಾರಂಟಿ ಚೀಟಿಗೆ ದಿನಾಂಕವನ್ನು ಬರೆಸಿಕೊಳ್ಳಬೇಕು. ದಾರಿದೀಪಗಳಲ್ಲಿ ಎಂಜಿನು ತಾನಾಗಿ ನಿಂತು ಏಳುವ ಗಾಡಿಗಳಿಗೆ ಅವುಗಳಿಗೆಂದೇ ಮಾಡಿದ ಜಾತಿಯ ಬ್ಯಾಟರಿಯೇ ಆಗಬೇಕು. ಅಗ್ಗವೆಂದು ಸಾಮಾನ್ಯವಾದುದನ್ನು ಹಾಕಿಸಿದರೆ ಬೇಗ ಕೆಡುವುದು.

ಹಳೆಯದನ್ನು ತಪ್ಪದೆ ಅಂಗಡಿಗೇ ಹಿಂದಿರುಗಿಸಿ. ಅದಕ್ಕೆ ಬೆಲೆಯಲ್ಲಿ ಸ್ವಲ್ಪ ವಜಾ ದೊರೆಯುವುದಷ್ಟೇ ಅಲ್ಲ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರನು ಇದನ್ನು ಮನೆಯ ಇತರ ಕಸದಿಂದ ಬೇರೆಯಾಗಿಟ್ಟು ತಕ್ಕವರಿಗೆ ಒಪ್ಪಿಸಬೇಕಾದುದು ಕರ್ತವ್ಯ. ಬ್ಯಾಟರಿಯ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಸೀಸ. ಅದನ್ನು ಬಯಲಿನಲ್ಲಿ ಒಡೆದು ಕರಗಿಸುವವರ ಕೈಗೆ ಕೊಟ್ಟರೆ ಹೊಗೆಯಾಗಿಯೂ ಧೂಳಾಗಿಯೂ ಮಣ್ಣಿಗೂ ನೀರಿಗೂ ಸೇರುವುದು. ಸೀಸದ ವಿಷವು ಎಲ್ಲರಿಗಿಂತ ಹೆಚ್ಚಾಗಿ ತಟ್ಟುವುದು ಬೆಳೆಯುವ ಮಕ್ಕಳ ಮೆದುಳಿಗೆ. ತುಂಗಭದ್ರೆಯ ನೀರು ಕುಡಿಯುವ ನಾವು ಈ ಮಾತನ್ನು ಮರೆಯಲಾಗದು.

ಚಾರ್ಜು ನಿಲ್ಲದ ಬ್ಯಾಟರಿಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಬರುತ್ತಿದೆಯೆ? ಸೋರುತ್ತಿದೆಯೆ? ಹಿಡಿಯುತ್ತಿದೆಯೆ? ಬಂದು ಹಿಡಿದದ್ದಕ್ಕಿಂತ ಹೆಚ್ಚು ಬಳಸುತ್ತಿರುವೆವೆ? ಒಂದು ಮೀಟರು, ಒಂದು ಚಮಚ ಅಡಿಗೆ ಸೋಡ, ಎರಡು ದಿನಗಳ ತಾಳ್ಮೆ ಇವಿಷ್ಟಿದ್ದರೆ ಯಾವ ಗೃಹಸ್ಥನಾದರೂ ಗೃಹಿಣಿಯಾದರೂ ಇವಕ್ಕೆ ಉತ್ತರವನ್ನು ಕಂಡುಕೊಳ್ಳಬಹುದು. ಈ ಪರೀಕ್ಷೆಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಮಾಡಿ, ಅಂಕಿಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡುವುದು ಒಳ್ಳೆಯ ವಾಡಿಕೆ.